ಎಣ್ಣೆ ಕುಡಿಯುವ ಕಾಯಿ, ನೀರು ಬಿಡುವ ಕಾಯಿ

ದಾವಣಗೆರೆಯಲ್ಲಿ ನಾನು ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತೇನೆ. ಅರ್ಧ ಡಬ್ಬಿಗಳು ಕಾಲೇಜು ಹುಡುಗರಿಗೆ, ಉಳಿದವು ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆಯ ವಯಸ್ಸಾದವರಿಗೆ. ಹುಡುಗರಿಗೆ ನಾಲಿಗೆಗೆ ರುಚಿ ಬೇಕು. ಹಿರಿಯರಲ್ಲಿ ಸುಮಾರು ಜನಕ್ಕೆ ಶುಗರ್, ಬಿಪಿ. ಅವರಿಗೆ ಎಣ್ಣೆ, ಉಪ್ಪು ಕಡಿಮೆ ಇರಬೇಕು. ಒಂದೇ ಒಲೆ ಮೇಲೆ ಎರಡೆರಡು ಪಲ್ಯ ಮಾಡುತ್ತಾ ಕೂತರೆ ಹನ್ನೆರಡೂವರೆಗೆ ಡಬ್ಬಿ ಹೊರಡುವುದಿಲ್ಲ. ಹಾಗಾಗಿ ಇಬ್ಬರಿಗೂ ಒಪ್ಪುವ ಹಾಗೆ ಒಂದೇ ಪಲ್ಯ ಮಾಡುವುದನ್ನು ರೂಢಿ ಮಾಡಿಕೊಂಡೆ. ಇದರಲ್ಲಿ ನನಗೆ ಹೆಚ್ಚು ಕೈಹಿಡಿದದ್ದು ನಾವು ಮುಳಗಾಯಿ ಅನ್ನುವ ಬದನೆಕಾಯಿ, ಸಿಹಿಗುಂಬಳ, ಮತ್ತೆ ಈಚೆಗೆ ಇಲ್ಲೂ ಸಿಗುತ್ತಿರುವ ಝುಕಿನಿ.

ಈ ಮೂರರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರುತ್ತದೆ. 100 ಗ್ರಾಂ ಹಸಿ ಬದನೆಯಲ್ಲಿ, ಕುಂಬಳದಲ್ಲಿ ಸುಮಾರು 25 ಕ್ಯಾಲೊರಿ. ಝುಕಿನಿಯಲ್ಲಿ 17 ಅಷ್ಟೇ. ಆದರೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಅಂದರೆ ಪಲ್ಯ ಹಗುರವೋ ಭಾರವೋ ಅನ್ನುವುದು ತರಕಾರಿಗಿಂತ ನಮ್ಮ ಎಣ್ಣೆ ಡಬ್ಬಿಯ ಮೇಲೆ ನಿಂತಿದೆ. ಕಾಯಿಯ ಒಳಗಿನ ನೀರು ಒಲೆ ಮೇಲೆ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಎಣ್ಣೆ ತಾನಾಗೇ ಕಡಿಮೆಯಾಗುತ್ತದೆ. ನಾನು ಇಷ್ಟು ವರ್ಷ ಅಡುಗೆ ಮಾಡಿ ಕಂಡುಕೊಂಡದ್ದು ಇದನ್ನೇ.

ಮೊದಲು ಮುಳಗಾಯಿ. ನಮ್ಮ ಕಡೆ ರೊಟ್ಟಿ ಊಟ ಅಂದಮೇಲೆ ಎಣ್ಣೆಗಾಯಿ ಇರಲೇಬೇಕು. ಬದನೆಯ ತಿರುಳಿನ ತುಂಬ ಸಣ್ಣ ಸಣ್ಣ ಗಾಳಿ ಗೂಡುಗಳಿರುತ್ತವೆ. ಹಸಿ ಕಾಯಿಯನ್ನು ಕಾದ ಎಣ್ಣೆಗೆ ಹಾಕಿದರೆ ಆ ಗೂಡುಗಳಿಗೆಲ್ಲ ಎಣ್ಣೆ ಇಳಿಯುತ್ತದೆ. ಬಾಣಲೆ ಒಣಗಿ ಕಾಣುತ್ತದೆ, ನಾವು ಮತ್ತೆ ಸುರಿಯುತ್ತೇವೆ. ಕಾಯಿ ಬೆಂದು ಕುಸಿದಾಗ ಕುಡಿದದ್ದರಲ್ಲಿ ಒಂದಿಷ್ಟು ಹೊರಗೆ ಬಂದು ಮೇಲೆ ತೇಲುತ್ತದೆ. ಇದನ್ನು ತಪ್ಪಿಸೋಕೆ ಎಣ್ಣೆ ಮುಟ್ಟಿಸುವ ಮೊದಲೇ ಆ ಗೂಡುಗಳನ್ನು ಕುಗ್ಗಿಸಬೇಕು. ಅದಕ್ಕೆ ಹಬೆ ಸಾಕು.

ನಾನು ಮಾಡುವುದು ಹೀಗೆ. ಅರ್ಧ ಕೆಜಿ ಎಳೆ ಗುಂಡು ಮುಳಗಾಯಿ. ಸಿಪ್ಪೆ ಮಿರುಗುತ್ತಿರಬೇಕು, ತೊಟ್ಟು ಹಸಿರಾಗಿರಬೇಕು, ಒತ್ತಿದರೆ ಹಿಂದಕ್ಕೆ ಪುಟಿಯಬೇಕು. ಸಿಪ್ಪೆ ಮಂಕಾಗಿದ್ದರೆ ಒಳಗೆ ಬೀಜ ಬಲಿತಿದೆ ಅಂತ ಅರ್ಥ. ತೊಟ್ಟು ಬಿಟ್ಟು ನಾಲ್ಕು ಸೀಳು ಹಾಕಿ, ಪ್ರತಿ ಕಾಯಿಯನ್ನೂ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ಕಾಯಿಕೊರಕ ಹುಳ ಮರಿಯಾಗಿದ್ದಾಗಲೇ ಒಳಗೆ ಹೊಕ್ಕಿರುತ್ತದೆ, ಅದು ಹೊಕ್ಕ ತೂತು ಮುಚ್ಚಿಹೋಗಿರುತ್ತದೆ. ಹೊರಗಿನಿಂದ ನೋಡಿ ಚೆನ್ನಾಗಿದೆ ಅಂತ ನಂಬೋಕಾಗಲ್ಲ. ಆಮೇಲೆ ಉಪ್ಪು ನೀರಿನಲ್ಲಿ ಮುಳುಗಿಸಿಡುತ್ತೇನೆ. ಹೆಚ್ಚಿದ ಬದನೆ ಗಾಳಿ ತಾಗಿದರೆ ಕಪ್ಪಾಗುತ್ತದೆ ಅಲ್ವಾ, ನೀರಿನಲ್ಲಿದ್ದರೆ ಆಗುವುದಿಲ್ಲ. ಅಲ್ಲಿಂದ ತೆಗೆದು ಇಡ್ಲಿ ಪಾತ್ರೆಯಲ್ಲಿ ಆರೇಳು ನಿಮಿಷ ಹಬೆಗಿಡುತ್ತೇನೆ. ಬೆರಳಿಗೆ ಮೆತ್ತಗೆ ಸಿಗಬೇಕು, ತೊಟ್ಟು ಮಾತ್ರ ಗಟ್ಟಿಯಾಗಿ ನಿಂತಿರಬೇಕು.

ಮಸಾಲೆಗೆ ಒಂದು ಸಣ್ಣ ಬಟ್ಟಲು ಹುರಿದ ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಚೂರು ಒಣಕೊಬ್ಬರಿ, ಬೆಳ್ಳುಳ್ಳಿ, ಖಾರದ ಪುಡಿ, ಹುಣಸೆಹಣ್ಣು, ಗೋಲಿಯಷ್ಟು ಬೆಲ್ಲ. ಶೇಂಗಾ ಬಿಸಿ ಇದ್ದಾಗಲೇ ಕುಟ್ಟಬೇಕು. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ, ಕುಟ್ಟುವಾಗಲೇ ಅದು ಬಿಡೋಕೆ ಶುರುವಾಗುತ್ತದೆ. ಪಕ್ಕದ ಚಳ್ಳಕೆರೆ ಸೀಮೆಯೆಲ್ಲ ಶೇಂಗಾ ಬೆಳೆಯುವ ನೆಲ. ಅಲ್ಲಿಯ ಶೇಂಗಾ ಕೈಯಲ್ಲಿ ಉಜ್ಜಿದರೆ ಅಂಗೈ ಜಿಡ್ಡಾಗುತ್ತದೆ. ಈ ಮಸಾಲೆ ತುಂಬಿದ ಕಾಯಿಗೆ ಒಗ್ಗರಣೆಗೆ ಅಂತ ಎರಡು ದೊಡ್ಡ ಚಮಚ ಎಣ್ಣೆ ಹಾಕುತ್ತೇನೆ. ಈರುಳ್ಳಿ ಬಾಡಿಸಿ, ಕಾಯಿ ಜೋಡಿಸಿ, ಉಳಿದ ಮಸಾಲೆಗೆ ನೀರು ಬೆರೆಸಿ ಸುರಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಡುತ್ತೇನೆ. ಕಾಲು ಗಂಟೆ ಆಗುವಷ್ಟರಲ್ಲಿ ಅಂಚಿನಲ್ಲಿ ಕೆಂಪಗೆ ಎಣ್ಣೆ ತೇಲುತ್ತದೆ. ಅದರಲ್ಲಿ ಶೇಂಗಾದ್ದೂ ಸೇರಿರುತ್ತದೆ.

ನಮ್ಮ ಅತ್ತೆ ಮೊದಲ ಸಲ ನೋಡಿದಾಗ, "ಏನವ್ವಾ, ಎಣ್ಣೆ ಸುರೀದೆ ಎಣ್ಣೆಗಾಯಿ ಹೆಂಗಾಗುತ್ತೆ?" ಅಂದಿದ್ದರು. ಬಿಸಿ ರೊಟ್ಟಿ ಜೊತೆ ಹಾಕಿಕೊಟ್ಟೆ. ತಿಂದು, "ಇನ್ನೊಂದು ಕಾಯಿ ಹಾಕು" ಅಂದರು. ಈಗ ಅವರೇ ಇಡ್ಲಿ ಪಾತ್ರೆ ತೆಗೆದಿಡುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ. ಶೇಂಗಾದ ಕ್ಯಾಲೊರಿ ಎಲ್ಲಿಗೂ ಹೋಗುವುದಿಲ್ಲ. ತೂಕ ಇಳಿಸಬೇಕಾದವರ ಡಬ್ಬಿಗೆ ನಾನು ಕಾಯಿ ಜಾಸ್ತಿ, ಗೊಜ್ಜು ಕಡಿಮೆ ಹಾಕುತ್ತೇನೆ.

ಬದನೆಯ ನೇರಳೆ ಸಿಪ್ಪೆಯನ್ನು ದಯವಿಟ್ಟು ಬಿಸಾಡಬೇಡಿ. ಆ ಬಣ್ಣ ಕೊಡುವುದು ನಸುನಿನ್ ಅನ್ನುವ ಆಂಟಿಆಕ್ಸಿಡೆಂಟ್. ಅದು ಇರುವುದು ಸಿಪ್ಪೆಯಲ್ಲೇ. 100 ಗ್ರಾಂ ಬದನೆಯಲ್ಲಿ ಸುಮಾರು 3 ಗ್ರಾಂ ನಾರೂ ಸಿಗುತ್ತದೆ. ಸುಟ್ಟು ಮಾಡುವ ಗೊಜ್ಜಿಗೆ ಸಿಪ್ಪೆ ಸುಲಿಯಲೇಬೇಕು, ನಿಜ. ಆದರೆ ಅದಕ್ಕೆ ಎಣ್ಣೆ ಹನಿಯೂ ಬೇಡ. ಸುಡುವ ಮೊದಲು ಚಾಕುವಿನಿಂದ ಎರಡು ಮೂರು ಕಡೆ ಚುಚ್ಚಿ. ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿಯುತ್ತದೆ. ಇನ್ನು ಬದನೆ ನಂಜು ಅನ್ನುವ ಮಾತು. ಕೆಲವರಿಗೆ ಬದನೆ ತಿಂದರೆ ಬಾಯಿ, ಮೈ ತುರಿಸುವುದು ಉಂಟು. ಅಂಥವರಿಗೆ ನಾನು ಒತ್ತಾಯ ಮಾಡುವುದಿಲ್ಲ, ಅವತ್ತು ಹೀರೇಕಾಯಿ ಪಲ್ಯ ಕಳಿಸುತ್ತೇನೆ.

ಝುಕಿನಿ ಇದಕ್ಕೆ ಪೂರಾ ಉಲ್ಟಾ. ಅದು ಎಣ್ಣೆ ಕುಡಿಯುವುದಿಲ್ಲ, ನೀರು ಬಿಡುತ್ತದೆ. ನೋಡೋಕೆ ಸೌತೆಕಾಯಿ ಥರ ಇದ್ದರೂ ಅದು ಕುಂಬಳದ ಜಾತಿಯದೇ, ಎಳೆಯದರಲ್ಲೇ ಕೀಳುತ್ತಾರೆ. ಅದಕ್ಕೇ ಸಿಪ್ಪೆ, ಬೀಜ ಎಲ್ಲಾ ತಿನ್ನಬಹುದು. ಅಗಲ ಬಾಣಲೆ, ಜೋರು ಉರಿ, ಮುಚ್ಚಳ ಬೇಡ, ಉಪ್ಪು ಇಳಿಸುವಾಗ. ಇಷ್ಟು ಪಾಲಿಸಿದರೆ ನಾಲ್ಕೈದು ನಿಮಿಷದಲ್ಲಿ ಪಲ್ಯ ಗರಿಯಾಗಿ ಬರುತ್ತದೆ. ಉಪ್ಪು ಮೊದಲೇ ಹಾಕಿದರೆ ಸಾರಾಗುತ್ತದೆ. ನನಗೆ ಇನ್ನೂ ಇಷ್ಟವಾದದ್ದು ತಾಲಿಪಟ್ಟು. ತುರಿದು ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಜೋಳದ ಹಿಟ್ಟು ಕಲಸಿ ತಟ್ಟುತ್ತೇನೆ. ಬೇರೆ ನೀರು ಬಹುತೇಕ ಬೇಕಾಗುವುದಿಲ್ಲ. ಹೆಸರುಬೇಳೆ ಕೋಸಂಬರಿಗೆ ಹಸಿಯಾಗೇ ಹಾಕಿದರೆ ವಿಟಮಿನ್ ಸಿ ಕೂಡ ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹೆಚ್ಚುವ ಮೊದಲು ತುದಿಯಿಂದ ಒಂದು ಚೂರು ಬಾಯಿಗೆ ಹಾಕಿ ನೋಡುತ್ತೇನೆ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯುತ್ತೇನೆ. ಸೌತೆ, ಸೋರೆ, ಝುಕಿನಿ, ಕುಂಬಳ ಇವುಗಳ ಕಹಿಗೆ ಕಾರಣ ಕುಕುರ್ಬಿಟಾಸಿನ್. ಅದು ವಿಷ. ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿಯಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರೇ ಎಚ್ಚರಿಸಿದ್ದಾರೆ. ಬೆಲ್ಲ ಹಾಕಿ ಕಹಿ ಮುಚ್ಚುವ ಕೆಲಸ ಬೇಡವೇ ಬೇಡ.

ಸಿಹಿಗುಂಬಳದ ಬಗ್ಗೆ ನನ್ನ ಡಬ್ಬಿ ಹಿರಿಯರಿಗೆ ಭಯ ಇತ್ತು. "ಶುಗರ್ ಇದೆ ತಂಗೀ, ಸಿಹಿ ಕಾಯಿ ಕಳಿಸಬೇಡ" ಅಂತ ಒಬ್ಬರು ಫೋನ್ ಮಾಡಿದ್ದರು. ನಾನು ಲೆಕ್ಕ ಹೇಳಿದೆ. 100 ಗ್ರಾಂ ಹಸಿ ಕುಂಬಳದಲ್ಲಿ ಸಕ್ಕರೆ, ಪಿಷ್ಟ, ನಾರು ಎಲ್ಲ ಸೇರಿ ಆರೇಳು ಗ್ರಾಂ. ಅಷ್ಟೇ ತೂಕದ ಅನ್ನದಲ್ಲಿ ಇಪ್ಪತ್ತೆಂಟರ ಹತ್ತಿರ. ಕುಂಬಳಕ್ಕೆ ಬೆಲ್ಲ ಸುರಿದು, ಪಕ್ಕದಲ್ಲಿ ಅನ್ನದ ಗುಡ್ಡೆ ಇಟ್ಟುಕೊಂಡರೆ ತೊಂದರೆ. ಒಂದು ಸೌಟು ಪಲ್ಯ, ಒಂದು ರೊಟ್ಟಿ ಅಂದರೆ ಹೆದರುವಂಥದ್ದೇನಿಲ್ಲ. ಅವರು ಡಾಕ್ಟರನ್ನೂ ಕೇಳಿಕೊಂಡು ಒಪ್ಪಿದರು. ಈಗ ಹಬ್ಬದ ಗಾರಿಗೆ, ಕಡುಬು ಬಿಟ್ಟು ಬೇರೆ ಯಾವುದಕ್ಕೂ ಕುಂಬಳದ ಜೊತೆ ನಾನು ಬೆಲ್ಲ ಸೇರಿಸುವುದಿಲ್ಲ.

ಇದಕ್ಕೆ ನೀರು ಹಾಕುವುದೂ ಬೇಡ. ಸಿಪ್ಪೆ ಸಮೇತ ದಪ್ಪ ಹೋಳು, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಮುಚ್ಚಳ, ಸಣ್ಣ ಉರಿ. ತನ್ನ ನೀರಿನಲ್ಲೇ ಬೇಯುತ್ತದೆ. ಎಣ್ಣೆ ವಿಷಯದಲ್ಲಿ ಇಲ್ಲಿ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ. ಕುಂಬಳದ ಕೇಸರಿ ಬಣ್ಣ ಬೀಟಾ ಕ್ಯಾರೋಟಿನ್, ಅದರಿಂದ ನಮ್ಮ ಮೈ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಸ್ವಲ್ಪ ಜಿಡ್ಡು ಜೊತೆಗಿದ್ದರೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ಕೊನೆಗೆ ಒಂದು ಚಮಚ ತುಪ್ಪ ಅಥವಾ ಒಂದು ಹಿಡಿ ಕಾಯಿತುರಿ ಹಾಕಿದರೆ ಸಾಕು.

ಬೀಜ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ತಿರುಳು ಬಿಡಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ಬಾಣಲೆಯಲ್ಲಿ ಚಟಪಟ ಅನ್ನುವ ತನಕ ಹುರಿಯಿರಿ. ಸಿಪ್ಪೆ ಬಿಡಿಸಿದ ಬೀಜದ ತೂಕದಲ್ಲಿ ನೂರಕ್ಕೆ ಮೂವತ್ತರಷ್ಟು ಪ್ರೋಟೀನ್, ಜೊತೆಗೆ ಮೆಗ್ನೀಸಿಯಂ, ಸತು. ನಾನು ಇದನ್ನು ಶೇಂಗಾ ಚಟ್ನಿ ಪುಡಿಗೆ ಬೆರೆಸಿ ಕುಟ್ಟುತ್ತೇನೆ. ಹಾಸ್ಟೆಲ್ ಹುಡುಗರು ಆ ಪುಡಿಯನ್ನು ಬೇರೆ ಕಟ್ಟಿಕೊಡಿ ಆಂಟಿ ಅಂತ ಕೇಳುತ್ತಾರೆ.

ಕಿಡ್ನಿ ತೊಂದರೆ ಇರುವವರು ಮಾತ್ರ ಕುಂಬಳವನ್ನು ಡಾಕ್ಟರನ್ನು ಕೇಳಿಯೇ ತಿನ್ನಬೇಕು. 100 ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಬಿಪಿ ಇರುವವರಿಗೆ ಒಳ್ಳೆಯದಾಗುವ ಇದೇ ಪೊಟ್ಯಾಸಿಯಂ ಕಿಡ್ನಿ ಸೋತವರಿಗೆ ಹೊರೆ. ಹೊಸಬರು ಡಬ್ಬಿ ಹೇಳಿದಾಗ ಖಾರ ಎಷ್ಟಿರಬೇಕು ಅನ್ನುವುದಕ್ಕೆ ಮೊದಲು ನಾನು ಕೇಳುವುದು ಇದನ್ನೇ.