ವಯಸ್ಸಾದ ನಾಯಿಯನ್ನು ದತ್ತು ತರುವುದು ಹೇಗೆ?

ನಾಯಿ ಸಾಕೋಣ ಅಂದ ತಕ್ಷಣ ಎಲ್ಲರಿಗೂ ಮರಿಯೇ ಬೇಕು. ದಿಕ್ಕಿಲ್ಲದ ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಶೆಲ್ಟರಿನಲ್ಲೂ ಅಷ್ಟೇ. ಮೂತಿ ಬೆಳ್ಳಗಾದ ನಾಯಿ ಬಾಗಿಲ ಹತ್ತಿರ ಬಂದು ಬಾಲ ಆಡಿಸುತ್ತಾ ನಿಂತರೆ, ಜನ ಅದರ ತಲೆ ಸವರಿ ಮುಂದೆ ಹೋಗುತ್ತಾರೆ. ನಮ್ಮ ಗೌರಿಯೂ ಹಾಗೆ ನಿಂತಿದ್ದವಳೇ. ಸಾಕಿದವರು ಊರು ಬಿಡುವಾಗ ಬಿಟ್ಟುಹೋದ ಎಂಟು ವರ್ಷದ ಲ್ಯಾಬ್ರಡಾರ್.

ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಮರಿ ತಂದರೆ ರಾತ್ರಿಯೆಲ್ಲ ಎದ್ದು ನೆಲ ಒರೆಸಬೇಕು. ನಾಲ್ಕರಿಂದ ಆರು ತಿಂಗಳಲ್ಲಿ ಹೊಸ ಹಲ್ಲು ಬರುವಾಗ ಅದು ಚಪ್ಪಲಿ, ಸೋಫಾ, ಚಾರ್ಜರ್ ವೈರ್ ಯಾವುದನ್ನೂ ಬಿಡುವುದಿಲ್ಲ, ವರ್ಷದೊಳಗೆ ನಿಮ್ಮನ್ನೇ ರಸ್ತೆಗೆ ಎಳೆದುಕೊಂಡು ಹೋಗುವಷ್ಟು ಬೆಳೆದಿರುತ್ತದೆ. ಮಕ್ಕಳು ಅಮೆರಿಕದಲ್ಲಿದ್ದು ಮೈಸೂರಿನಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ಇಂಥ ಮರಿ ತಂದುಕೊಡುವುದು ನನಗೆ ಸರಿ ಕಾಣುವುದಿಲ್ಲ. ಎಂಟು ವರ್ಷದ ನಾಯಿ ಎಷ್ಟು ದೊಡ್ಡದು, ಮಕ್ಕಳನ್ನು ಕಂಡರೆ ಹೇಗಿರುತ್ತದೆ, ಪಟಾಕಿಗೆ ಹೆದರುತ್ತದಾ ಅನ್ನುವುದೆಲ್ಲ ಮೊದಲೇ ಗೊತ್ತಾಗುತ್ತದೆ. ಬೆಳಿಗ್ಗೆ ಸಂಜೆ ನಿಧಾನವಾಗಿ ಒಂದು ಸುತ್ತು ಹಾಕಿಸಿದರೆ ಸಾಕು, ಉಳಿದ ಹೊತ್ತು ಹೆಚ್ಚಾಗಿ ನಿದ್ದೆ.

ಆಮೇಲೆ ಶೆಲ್ಟರಿಗೆ ಹೋಗಿ. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಅನ್ನುವ ಪ್ರಾಣಿದಯಾ ಸಂಸ್ಥೆ ಇದೆ, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಫೋನ್ ಮಾಡಿಕೊಂಡು ಹೋಗಿ, ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ. ದಿನಾ ಊಟ ಹಾಕುವವರನ್ನು ಕೇಳಿ, ನಾಯಿಯ ನಿಜವಾದ ಸ್ವಭಾವ ಅವರಿಗೆ ಗೊತ್ತು. ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತದಾ? ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುತ್ತದಾ? ಸಂತಾನಹರಣ ಚಿಕಿತ್ಸೆ ಆಗಿದೆಯಾ? ರೇಬಿಸ್ ಲಸಿಕೆಯ ಕಾರ್ಡ್ ಕೇಳಿ ಪಡೆಯಿರಿ.

ಕರೆತಂದ ವಾರದೊಳಗೆ ವೆಟ್, ಅಂದರೆ ಪ್ರಾಣಿಗಳ ಡಾಕ್ಟರ್ ಹತ್ತಿರ ತೋರಿಸಿ. ಇದನ್ನು ಮಾತ್ರ ಮುಂದೂಡಬೇಡಿ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಲಿವರ್ ಹೇಗಿದೆ ಅಂತ ಗೊತ್ತಾಗುತ್ತದೆ. ಉಣ್ಣಿಯಿಂದ ಬರುವ ಟಿಕ್ ಫೀವರ್ ನಮ್ಮಲ್ಲಿ ಜಾಸ್ತಿ, ಅದನ್ನೂ ನೋಡಿಸಿ. ಹಲ್ಲಿನ ಮೇಲೆ ಕಟ್ಟಿದ ಪಾಚಿ ತೆಗೆಸಿದ ಮೇಲೆ ಗೌರಿ ಸರಿಯಾಗಿ ಊಟ ಮಾಡತೊಡಗಿದಳು, ಅಲ್ಲಿಯವರೆಗೆ ಅವಳಿಗೆ ಹಸಿವೇ ಕಡಿಮೆ ಅಂದುಕೊಂಡಿದ್ದೆವು ಪಾಪ. ಕಣ್ಣು ನೀಲಿಯಾಗಿ ಮಸುಕಾಗಿದ್ದರೆ ಗಾಬರಿ ಬೇಡ. ವಯಸ್ಸಾದ ನಾಯಿಗಳಲ್ಲಿ ಅದು ಸಾಮಾನ್ಯ, ಎಲ್ಲವೂ ಪೊರೆ ಅಲ್ಲ, ವೆಟ್ ನೋಡಿ ಹೇಳುತ್ತಾರೆ. ಕಾಲು ನೋವಿದೆ ಅಂತ ನಿಮ್ಮ ಮನೆಯ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ, ಐಬುಪ್ರೊಫೆನ್ ಆಗಲಿ ಪ್ಯಾರಾಸಿಟಮಾಲ್ ಆಗಲಿ ನಾಯಿಯ ಜೀವಕ್ಕೇ ಅಪಾಯ.

ಮನೆಯಲ್ಲಿ ಮಾಡಿಕೊಳ್ಳಬೇಕಾದ್ದು ಸ್ವಲ್ಪವೇ. ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಅದು ಓಡಾಡುವ ಕಡೆ ಗೋಣಿತಟ್ಟು ಹಾಸಿ. ಮಲಗಲು ದಪ್ಪ ಹಾಸಿಗೆ ಇರಲಿ. ಊಟವನ್ನು ಒಂದೇ ಸಲ ಬದಲಿಸಿದರೆ ಭೇದಿ ಶುರುವಾಗುತ್ತದೆ, ಹಾಗಾಗಿ ಹಳೆಯ ಊಟದ ಜೊತೆ ಹೊಸದನ್ನು ಬೆರೆಸುತ್ತಾ ಒಂದು ವಾರದಲ್ಲಿ ಬದಲಿಸಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ.

ಇನ್ನು ತಾಳ್ಮೆ. ನಾಯಿ ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ನಂಬಿಕೆ. ಗೌರಿ ಮೊದಲ ಎರಡು ದಿನ ಗೇಟಿನ ಕಡೆ ಮುಖ ಮಾಡಿ ಮಲಗಿದ್ದಳು. ಕರೆದರೂ ಬರಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದೆವು. ಮೊದಲ ವಾರ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಹೊರಗೆ ಹೋಗುವಾಗ ಬೆಲ್ಟ್ ಬಿಚ್ಚಲೇಬೇಡಿ. ಹಳೇ ಮನೆ ಹುಡುಕಿಕೊಂಡು ಓಡಿಬಿಡಬಹುದು.