ಕಾಲು ಜಾರದ ಡೆಕ್: ನಮ್ಮ ಬೋಟಿನಲ್ಲಿ ನಾನು ಮಾಡಿದ್ದು

ನಮ್ಮದು 18 ಅಡಿಯ ಫೈಬರ್ ಬೋಟ್. ಬೀಳಗಿ ತಾಲೂಕಿನ ಕೊರ್ತಿ ಕಡೆ, ಆಲಮಟ್ಟಿ ಹಿನ್ನೀರಿನ ದಂಡೆಗೆ ಕಟ್ಟುತ್ತೇವೆ. ಕಟ್ಲಾ, ರೋಹು ಹಿಡಿಯೋದೇ ಕೆಲಸ. ಬೋಟಿನ ಮುಂದಿನ ಅರ್ಧ ಡೆಕ್ ಅಚ್ಚಿನಲ್ಲೇ ಬಂದದ್ದು. ಸಣ್ಣ ಸಣ್ಣ ವಜ್ರದಾಕಾರದ ಉಬ್ಬುಗಳು, ನಡುವೆ ಗೆರೆಗಳು. ಹಿಂದಿನ ಅರ್ಧ ನಯವಾಗಿತ್ತು, ಅದಕ್ಕೆ ನಾವೇ ತರಿ ಹಾಕಿದ ಬಣ್ಣ ಬಳಿದಿದ್ದೇವೆ. ಎರಡಕ್ಕೂ ನಾನ್-ಸ್ಕಿಡ್, ಅಂದರೆ ಕಾಲು ಜಾರದ ಮೇಲ್ಮೈ, ಅಂತಲೇ ಕರೀತಾರೆ. ಆದರೆ ತೊಳೆಯುವ ರೀತಿ ಪೂರ್ತಿ ಒಂದೇ ಅಲ್ಲ. ಅದನ್ನು ತಿಳಿಯೋಕೆ ನನಗೆ ಎರಡು ವರ್ಷ ಹಿಡಿಯಿತು.

ಮೊದಲು ನನ್ನ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಬೋಟ್ ತಂದ ಮೊದಲ ದೀಪಾವಳಿಗೆ ಎಲ್ಲವನ್ನೂ ತೊಳೆದು, ಕಾರಿಗೆ ಹಚ್ಚುವ ಮೇಣವನ್ನು ಪಕ್ಕದ ಮೈಗೂ ಹಚ್ಚಿದೆ, ಡೆಕ್ಕಿಗೂ ಹಚ್ಚಿದೆ. ನೋಡಲು ಬಹಳ ಚೆನ್ನಾಗಿತ್ತು. ಮರುದಿನ ಬೆಳಗಿನ ಇಬ್ಬನಿಯಲ್ಲಿ ತಮ್ಮ ಮೀನಿನ ಕ್ರೇಟ್ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಬಿದ್ದ. ಮಣಿಕಟ್ಟಿನ ಎಲುಬು ಸೀಳಿತ್ತು. ಆರು ವಾರ ಪ್ಲಾಸ್ಟರ್. ಅವನು ಒಂದು ಮಾತೂ ಬೈಯಲಿಲ್ಲ, ಆದರೆ ಅವ್ವ ಕೇಳಿದಳು: "ಬೀಸುಕಲ್ಲಿಗೆ ಮುಳ್ಳು ಯಾಕ ಹೊಡೆಸ್ತಾರ? ನುಣ್ಣಗಾದ ಮ್ಯಾಲ ಕಾಳು ನಿಲ್ಲಾಂಗಿಲ್ಲ ಅಂತ ಅಲ್ಲೇನೋ?" ಅದೇ ಮಾತು. ಡೆಕ್ಕಿನ ಮುಳ್ಳನ್ನು ನಾನು ಮೇಣದಿಂದ ಮುಚ್ಚಿಬಿಟ್ಟಿದ್ದೆ. ಅವತ್ತಿನಿಂದ ತೊಳೆದ ಮೇಲೆ ಕಣ್ಣಿಂದ ನೋಡಿ ಬಿಡೋದಿಲ್ಲ. ಒಂದು ತಂಬಿಗೆ ನೀರು ಸುರಿದು, ಬರಿಗಾಲಲ್ಲಿ ನಿಂತು, ಹಿಮ್ಮಡಿ ತಿರುಗಿಸಿ ನೋಡುತ್ತೇನೆ. ಕಾಲು ಹಿಡಿದರೆ ಮಾತ್ರ ಕೆಲಸ ಮುಗಿದಂತೆ.

ಆ ಮೇಣ ತೆಗೆಯೋದು ಹಚ್ಚಿದ್ದಕ್ಕಿಂತ ಕಷ್ಟ. ಸೋಪಿಗೆ ಹೋಗಲಿಲ್ಲ. ಮಿನರಲ್ ಟರ್ಪೆಂಟೈನ್ ಬಟ್ಟೆಗೆ ಹಾಕಿ, ಎರಡು ಅಡಿ ಜಾಗ ಒರೆಸಿ, ತಕ್ಷಣ ಬಟ್ಟೆಯ ಬೇರೆ ಮಡಿಕೆಯಿಂದ ಇನ್ನೊಮ್ಮೆ ಒರೆಸಿ ಎತ್ತಬೇಕು. ಅದೇ ಬಟ್ಟೆಯಲ್ಲಿ ಮುಂದೆ ಮುಂದೆ ಹೋದರೆ ಮೇಣ ಸುಮ್ನೆ ಜಾಗ ಬದಲಿಸುತ್ತದೆ, ಅಷ್ಟೇ. ಬಣ್ಣ ಬಳಿದ ಕಡೆ ಮೊದಲು ಮೂಲೆಯಲ್ಲಿ ಒಂದು ಬೊಟ್ಟು ಹಚ್ಚಿ ನೋಡಿ, ಬಣ್ಣ ಬಟ್ಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬೀಡಿ, ಒಲೆ ಹತ್ತಿರ ಬೇಡವೇ ಬೇಡ.

ಈಗ ನಮ್ಮ ಕಡೆಯ ಮುಖ್ಯ ಶತ್ರುವಿನ ಮಾತು. ಎರಿ ಮಣ್ಣು. ಜಲಾಶಯ ಸಮುದ್ರ ಮಟ್ಟದಿಂದ 519.60 ಮೀಟರ್‌ವರೆಗೆ, ಅಂದರೆ ಪೂರ್ತಿ ತುಂಬಿದಾಗ ಕಲ್ಲಿನ ದಂಡೆಯಿಂದ ನೇರ ಬೋಟಿಗೆ ಹತ್ತುತ್ತೇವೆ, ಆಗ ತೊಂದರೆ ಇಲ್ಲ. ಏಪ್ರಿಲ್, ಮೇ ಹೊತ್ತಿಗೆ ನೀರು ದೂರ ಸರಿಯುತ್ತದೆ. ಮೊಣಕಾಲುದ್ದ ಕೆಸರು ತುಳಿದುಕೊಂಡೇ ಬೋಟಿಗೆ ಹೋಗಬೇಕು. ಆ ಮಣ್ಣು ಡೆಕ್ಕಿನ ಗೆರೆಗಳಲ್ಲಿ ಕೂತರೆ ಉಬ್ಬಿಗೂ ತಗ್ಗಿಗೂ ವ್ಯತ್ಯಾಸವೇ ಇರೋದಿಲ್ಲ, ಮೇಲೆ ನೀರು ಬಿದ್ದರೆ ಬೆಣ್ಣೆ ಹಚ್ಚಿದ ಹಾಗೆ.

ಹಸಿ ಎರಿ ಮಣ್ಣನ್ನು ಉಜ್ಜಬೇಡಿ. ನಾನು ಮೊದಲೆಲ್ಲ ಹಾಗೇ ಮಾಡ್ತಿದ್ದೆ, ಉಜ್ಜಿದಷ್ಟೂ ತಗ್ಗಿಗೆ ಇಳಿಯುತ್ತಿತ್ತು. ಹೊಲದಲ್ಲಿ ನೋಡಿದ್ದೀರಲ್ವಾ, ಒಣಗಿದರೆ ಈ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಡೆಕ್ಕಿನ ಮೇಲೂ ಅದೇ ಆಗುತ್ತದೆ. ಮಧ್ಯಾಹ್ನದವರೆಗೆ ಬಿಸಿಲಿಗೆ ಬಿಟ್ಟರೆ ಹಪ್ಪಳದ ಹಾಗೆ ಏಳುತ್ತದೆ. ಒಣ ಬ್ರಷ್‌ನಿಂದ ಗುಡಿಸಿದರೆ ಮುಕ್ಕಾಲು ಪಾಲು ಹೋಯಿತು. ಉಳಿದದ್ದಕ್ಕೆ ಹಸಿ ಗೋಣಿಚೀಲ ಹಾಸಿ ಹದಿನೈದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ತೊಳೆಯುತ್ತೇನೆ.

ಮೀನಿನ ರಕ್ತ, ಲೋಳೆಗೆ ಇದರ ಉಲ್ಟಾ. ಅದನ್ನು ಒಣಗಲು ಬಿಡಲೇಬಾರದು. ಬಿದ್ದ ತಕ್ಷಣ ತಣ್ಣೀರು ಎರಚಬೇಕು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ತೊಳೆಯೋದು ಹೇಗೆ ಅಂದರೆ, ತಿಂಗಳಿಗೆ ಒಂದು ಸಲ ಬೋಟನ್ನು ದಂಡೆಗೆ ಎಳೆದು, ಬೆಳಿಗ್ಗೆ ಎಂಟರೊಳಗೆ ಶುರು ಮಾಡುತ್ತೇನೆ. ನಮ್ಮ ಬಿಸಿಲಲ್ಲಿ ಹತ್ತು ಗಂಟೆಗೆ ಡೆಕ್ ಹಂಚಿನ ಹಾಗೆ ಕಾಯುತ್ತದೆ, ಸೋಪಿನ ನೀರು ಉಜ್ಜುವ ಮೊದಲೇ ಒಣಗಿ ಕಲೆಯಾಗುತ್ತದೆ. ಮೊದಲು ಪೂರ್ತಿ ಒದ್ದೆ ಮಾಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ಒಂದು ಬಕೆಟ್ ನೀರು, ಇಷ್ಟೇ ಸಾಕು. ಬಟ್ಟೆ ಪೌಡರ್ ಬೇಡ. ಅದು ತಗ್ಗುಗಳಲ್ಲಿ ಉಳಿದು, ಮುಂದಿನ ಸಲ ನೀರು ಬಿದ್ದಾಗ ಮತ್ತೆ ನೊರೆಯಾಗಿ ಜಾರಿಸುತ್ತದೆ. ಬ್ರಷ್ ನೈಲಾನಿನದ್ದು, ಮಧ್ಯಮ ಗಟ್ಟಿ. ತಂತಿ ಬ್ರಷ್ ಮುಟ್ಟಿಸಬೇಡಿ, ತಂತಿಯ ಚೂರು ಸಿಕ್ಕಿಕೊಂಡು ಎರಡೇ ದಿನಕ್ಕೆ ತುಕ್ಕಿನ ಚುಕ್ಕೆ. ಎರಡು ಅಡಿ ಚೌಕ ಒಂದು ಸಲಕ್ಕೆ. ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಗುಂಡಗೆ ಉಜ್ಜಬೇಕು, ಯಾಕಂದರೆ ವಜ್ರದ ಉಬ್ಬಿಗೆ ನಾಲ್ಕು ಬದಿ ಇದೆ, ಒಂದೇ ದಿಕ್ಕಿಗೆ ಉಜ್ಜಿದರೆ ಬ್ರಷ್ ಮುಟ್ಟದ ಬದಿಯಲ್ಲಿ ಕೊಳೆ ಹಾಗೇ ಇರುತ್ತದೆ. ಆ ಜಾಗ ಒಣಗುವ ಮೊದಲೇ ತೊಳೆದು ಮುಂದಕ್ಕೆ ಹೋಗಿ. ಹಟ ಹಿಡಿದ ಕಪ್ಪಿಗೆ ಬಿಳಿ ಮೆಲಮೈನ್ ಸ್ಪಂಜು ಬಹಳ ಒಳ್ಳೆಯದು, ಆದರೆ ತರಿ ಬಣ್ಣದ ಮೇಲೆ ಐದು ನಿಮಿಷಕ್ಕೆ ಚೂರು ಚೂರಾಗುತ್ತದೆ.

ನೀರಿನ ವಿಷಯ ಯಾರೂ ಹೇಳೋದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಕೊನೆಯ ತೊಳೆತ ಆ ನೀರಲ್ಲಾದರೆ ಒಣಗಿದ ಮೇಲೆ ಬಿಳಿ ಪೊರೆ. ಅದಕ್ಕೆ ಕೊನೆಗೆ ತಿಳಿಯಾದ ಹೊಳೆ ನೀರನ್ನೇ ಹಾಕುತ್ತೇನೆ. ಆಗಲೇ ಬಿಳಿ ಕಟ್ಟಿದ್ದರೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು.

ಕಲೆಗಳದ್ದು ಬೇರೆ ಕಥೆ. ಆಯುಧ ಪೂಜೆಗೆ ಬೋಟಿಗೂ ಪೂಜೆ ಮಾಡುತ್ತೇವೆ, ಅರಿಶಿನ, ಕುಂಕುಮ, ಎಣ್ಣೆ ದೀಪ ಎಲ್ಲವೂ ಡೆಕ್ಕಿನ ಮೇಲೆಯೇ. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತದೆ, ಹೆದರಬೇಡಿ. ಸೋಪಿನ ಕ್ಷಾರಕ್ಕೆ ಅರಿಶಿನದ ಬಣ್ಣ ಬದಲಾಗೋದೇ ಹಾಗೆ. ತೊಳೆದು ಬಿಸಿಲಿಗೆ ಬಿಟ್ಟರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಅಂಗಡಿಯ ಕುಂಕುಮದ ಬಣ್ಣ ಹಾಗೆ ಹೋಗೋದಿಲ್ಲ. ಈಗ ನಾವು ಒಂದು ಬಾಳೆ ಎಲೆ ಹಾಸಿ ಅದರ ಮೇಲೆ ಪೂಜೆ ಇಡುತ್ತೇವೆ. ಗುಟ್ಕಾ ಉಗುಳಿನ ಬಗ್ಗೆ ನಾನು ಹೇಳೋದು ಒಂದೇ, ನಮ್ಮ ಬೋಟಿಗೆ ಗುಟ್ಕಾ ಬಾಯಲ್ಲಿಟ್ಟುಕೊಂಡು ಹತ್ತುವಂತಿಲ್ಲ.

ಲಂಗರಿನ ಸರಪಳಿಯ ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಬಳಸುತ್ತೇನೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 30 ಗ್ರಾಂ ಪುಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಇಲ್ಲೂ ಬೋರ್ ನೀರು ಕೆಲಸ ಕೆಡಿಸುತ್ತದೆ, ಅದರ ಸುಣ್ಣದ ಅಂಶ ಆಸಿಡ್ ಜೊತೆ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತರುತ್ತೇನೆ. ಕಲೆಯ ಮೇಲೆ ಬಟ್ಟೆ ನೆನೆಸಿ ಹತ್ತು ನಿಮಿಷ ಇಟ್ಟರೆ ಸಾಕು, ಉಜ್ಜೋದೇ ಬೇಡ. ಕೈಗವಸು, ಕನ್ನಡಕ ಬೇಕೇ ಬೇಕು, ಅದು ವಿಷ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ತೊಳೆದ ನೀರನ್ನು ಹೊಳೆಗೆ ಬಿಡೋದಿಲ್ಲ. ಅದೇ ನೀರು ನಮ್ಮ ಮೀನಿಗೆ, ನಮ್ಮ ದನಕ್ಕೆ. ಬಕೆಟ್‌ಗೆ ಹಿಂಡಿ, ನೊರೆ ನಿಲ್ಲುವ ತನಕ ಅಡುಗೆ ಸೋಡಾ ಹಾಕಿ, ದೂರದ ಗುಂಡಿಗೆ ಸುರಿಯುತ್ತೇನೆ.

ಮತ್ತೊಂದು. ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರೆ ಬೆಳ್ಳಗಾಗುತ್ತದೆ ಅಂತ ಹೇಳುವವರು ಜಾಸ್ತಿ. ನಾನು ಬಳಸೋದಿಲ್ಲ. ಬ್ಲೀಚ್ ಇರುವ ಡೆಕ್ ಮೇಲೆ ಆಸಿಡ್ ಅಥವಾ ವಿನೆಗರ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರೇ ಕಟ್ಟುತ್ತದೆ. ಎರಡನ್ನೂ ಒಂದೇ ದಿನ ಹೊರಗೆ ತೆಗೆಯಲೇಬೇಡಿ.

ಪ್ರೆಶರ್ ವಾಷರ್ ಬಗ್ಗೆ ಕೇಳುತ್ತಾರೆ. ಮುಂದಿನ ಅಚ್ಚಿನ ಡೆಕ್ಕಿಗೆ ಅಗಲ ಬೀಸಣಿಗೆಯ ನಳಿಕೆ ಹಾಕಿ ಎರಡು ಅಡಿ ದೂರದಿಂದ ಹೊಡೆಯಬಹುದು. ಹಿಂದಿನ ಬಣ್ಣದ ಕಡೆ ಒಂದು ಸಲ ಹತ್ತಿರ ಹಿಡಿದೆ, ಅಂಗೈಯಗಲ ಬಣ್ಣ ತರಿಯ ಸಮೇತ ಹಾರಿಹೋಯಿತು.

ರಕ್ಷಣೆಗೆ ಏನು ಹಚ್ಚಬೇಕು? ಮೊದಲು ಒಣ ಡೆಕ್ಕಿನ ಮೇಲೆ ಬೆರಳು ಉಜ್ಜಿ. ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ ಪುಡಿ ಬಂದರೆ ಬಿಸಿಲು ಜೆಲ್‌ಕೋಟನ್ನು, ಅಂದರೆ ಫೈಬರಿನ ಮೇಲಿನ ಗಟ್ಟಿ ಹೊರ ಪದರವನ್ನು, ತಿನ್ನುತ್ತಿದೆ ಅಂತ ಅರ್ಥ. ಹಾಗಂತ ಮೇಣಕ್ಕೆ ಹೋಗಬೇಡಿ. ಗಟ್ಟಿ ಮೇಣ ಪಕ್ಕದ ನಯವಾದ ಮೈಗೆ ಮಾತ್ರ. ಡೆಕ್ಕಿಗೆ ನಾನ್-ಸ್ಕಿಡ್‌ಗಾಗಿಯೇ ಮಾಡಿದ ಪಾಲಿಮರ್ ಸೀಲರ್ ಸಿಗುತ್ತದೆ, ಆನ್‌ಲೈನ್‌ನಲ್ಲಿ ತರಿಸಿದೆ. ಚೆನ್ನಾಗಿ ಒಣಗಿದ ಡೆಕ್ಕಿಗೆ ತೆಳ್ಳಗೆ ಬ್ರಷ್‌ನಿಂದ ಹಚ್ಚಿ, ತಗ್ಗಿನಲ್ಲಿ ನಿಂತದ್ದನ್ನು ಟವೆಲ್‌ನಿಂದ ಎತ್ತಿಬಿಡಬೇಕು. ದಪ್ಪ ಹಚ್ಚಿದರೆ ಮತ್ತೆ ಮೇಣದ ಕಥೆಯೇ. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ನಿಂತರೆ ಸೀಲರ್ ಇದೆ. ನೀರು ಹರಡಿಕೊಂಡರೆ ಮತ್ತೆ ಹಚ್ಚುವ ಹೊತ್ತು ಬಂತು. ನಮ್ಮ ಬಿಸಿಲಿಗೆ ನನಗೆ ಮೂರು ತಿಂಗಳು ಬರುತ್ತದೆ. ಅದಕ್ಕಿಂತ ಒಳ್ಳೆಯ ರಕ್ಷಣೆ ನೆರಳು. ಬಿಳಿ ತಾಡಪಾಲು ಹೊದಿಸಿದ ವರ್ಷ ಆ ಬಿಳಿ ಪುಡಿ ಬಹಳ ಕಡಿಮೆಯಾಯಿತು. ತಾಡಪಾಲಿನ ಅಡಿಗೆ ಗಾಳಿ ಆಡಲಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಹಿಂದಿನ ಅರ್ಧ ಬಲೆ ಎಳೆಯುವ ಜಾಗ. ಅಲ್ಲಿ ತರಿ ಸವೆದು ನುಣ್ಣಗಾಗಿತ್ತು, ತೊಳೆದರೆ ಪ್ರಯೋಜನವಿಲ್ಲ, ಮತ್ತೆ ಬಳಿಯಲೇಬೇಕು. ಮೊದಲ ಸಲ ಹೊಳೆ ಮರಳು ಸೋಸಿ ಹಾಕಿದ್ದೆ. ಅದರಲ್ಲಿ ಚಿಪ್ಪಿನ ಚೂರು ಇದ್ದವು, ಮೊಣಕಾಲು ಕೊಯ್ದವು, ಬಲೆಯ ನೂಲೂ ಹರಿಯಿತು. ಎರಡನೇ ಸಲ ಪಾಲಿಮರ್ ಮಣಿ ತರಿಸಿದೆ. ಡಿಸೆಂಬರ್‌ನಲ್ಲಿ, ಇಬ್ಬನಿ ಆರಿದ ಮೇಲೆ, 80 ನಂಬರ್ ಮರಳು ಕಾಗದದಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ ಬಳಿದೆ. ಬಣ್ಣ ಹಸಿ ಇರುವಾಗಲೇ ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿಯಿಂದ ಮಣಿ ಉದುರಿಸಬೇಕು, ಕೈ ಎತ್ತರದಲ್ಲಿರಲಿ, ಬಣ್ಣ ಕಾಣದಷ್ಟು ಜಾಸ್ತಿ ಹಾಕಿ. ಮರುದಿನ ಅಂಟದ್ದನ್ನು ಗುಡಿಸಿ ತೆಗೆದು, ಮೇಲೆ ಎರಡು ತೆಳು ಕೋಟು. ಬಣ್ಣ ತಿಳಿ ಬೂದಿಯದ್ದು. ಗಾಢ ಬಣ್ಣ ಹಾಕಿದರೆ ಮೇ ತಿಂಗಳಲ್ಲಿ ಬರಿಗಾಲು ಇಡೋಕೆ ಆಗೋದಿಲ್ಲ, ಬೆಳ್ಳಗಿದ್ದರೆ ಕಣ್ಣು ಕುಕ್ಕುತ್ತದೆ.

ಈ ಬೇಸಿಗೆಯಿಂದ ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಹತ್ತುವ ಜಾಗದಲ್ಲಿ ಒಂದು ಬಕೆಟ್ ನೀರು, ಒಂದು ಗೋಣಿಚೀಲ ಇಡುತ್ತೇವೆ. ಕಾಲು ತೊಳೆದು ಚೀಲದ ಮೇಲೆ ಒರೆಸಿಕೊಂಡೇ ಒಳಗೆ. ತಮ್ಮನೇ ಈ ನಿಯಮ ಮಾಡಿದ್ದು. ತಿಂಗಳಿಗೆ ಎರಡು ಗಂಟೆ ಹಿಡಿಯುತ್ತಿದ್ದ ತೊಳೆತ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತದೆ.