ಮಡಚುವ ಚಾಕು, ಅದರೊಳಗಿನ ಲಾಕ್: ನಾನು ಮಾಡಿದ ರೀತಿ

ಮಡಚುವ ಚಾಕುವಿನಲ್ಲಿ ಅಲಗಿಗಿಂತ ಲಾಕ್ ಮುಖ್ಯ ಅನ್ನುವವನು ನಾನು. ಅಲಗು ಮೊಂಡಾದರೆ ಸಾಣೆ ಹಿಡಿಯಬಹುದು. ಲಾಕ್ ಸರಿ ಇಲ್ಲದಿದ್ದರೆ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತದೆ, ಅಷ್ಟೇ. ಪೀಣ್ಯದಲ್ಲಿ ಪ್ರೆಸ್ ಟೂಲ್, ಡೈ (ತಗಡು ಕತ್ತರಿಸುವ, ಒತ್ತಿ ಆಕಾರ ಕೊಡುವ ಅಚ್ಚು) ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಪರಿಚಯದವರೊಬ್ಬರು ಹೊರದೇಶದಿಂದ ಮಾಡಿಸಿಕೊಂಡು ತಂದ ಚಾಕು ಕೈಗೆ ಕೊಟ್ಟಾಗ ಅದರ ಹೊಳಪು, ಹಿಡಿಯ ಚಂದ ಎಲ್ಲ ಆಮೇಲೆ. ಒಳಗಿರುವ ಅಷ್ಟು ತೆಳ್ಳನೆ ಪಟ್ಟಿ ಇಡೀ ಅಲಗನ್ನು ಒಂಚೂರೂ ಅಲುಗದ ಹಾಗೆ ಹೇಗೆ ನಿಲ್ಲಿಸಿದೆ ಅನ್ನುವುದೇ ತಲೆಯಲ್ಲಿ ಕೂತಿತು. ಅದನ್ನು ತಿಳಿಯಲು ನನಗೆ ಗೊತ್ತಿದ್ದ ದಾರಿ ಒಂದೇ, ನಾನೇ ಒಂದು ಮಾಡುವುದು.

ಇದು ಲೈನರ್ ಲಾಕ್. ಹಿಡಿಯ ಒಳಗೆ ಎರಡೂ ಕಡೆ ಲೋಹದ ಪಟ್ಟಿ ಇರುತ್ತದೆ, ಅದೇ ಲೈನರ್. ಅದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ, ಸೀಳಿದ ಭಾಗವನ್ನು ಒಳಕ್ಕೆ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ತೆರೆದ ತಕ್ಷಣ ಆ ಭಾಗ ಸ್ಪ್ರಿಂಗ್ ಥರ ಒಳಗೆ ಬಂದು ಅಲಗಿನ ಬುಡಕ್ಕೆ ಒತ್ತು ಕೊಟ್ಟು ನಿಲ್ಲುತ್ತದೆ. ಮುಚ್ಚಬೇಕಾದರೆ ಹೆಬ್ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಬೇಕು. ಇದರ ಹಳೆಯ ರೂಪ ಎಲೆಕ್ಟ್ರಿಷಿಯನ್‌ಗಳ ಚಾಕುಗಳಲ್ಲಿ ಮೊದಲೇ ಇತ್ತು. ಅಲ್ಲಿ ಬೆನ್ನಿಗೆ ಬೇರೆ ಸ್ಪ್ರಿಂಗೂ ಬೇಕಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ ಆ ಬೆನ್ನಿನ ಸ್ಪ್ರಿಂಗನ್ನೇ ತೆಗೆದುಹಾಕಿದರು. ಅಲಗು ಬಂದು ನಿಲ್ಲಲು ಒಂದು ಪಿನ್ (ಸ್ಟಾಪ್ ಪಿನ್), ಮುಚ್ಚಿದಾಗ ಹಿಡಿದಿಡಲು ಒಂದು ಪುಟ್ಟ ಸ್ಟೀಲ್ ಗುಂಡು ಇಟ್ಟರು. ಇವತ್ತು ನಾವು ನೋಡುವ ಲೈನರ್ ಲಾಕ್ ಅದೇ. ಆಮೇಲೆ ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್ ದಪ್ಪ ಟೈಟೇನಿಯಂ ಹಿಡಿಯನ್ನೇ ಸೀಳಿ ಲಾಕ್ ಮಾಡಿದರು, ಅದು ಫ್ರೇಮ್ ಲಾಕ್. ಅವರ ಸೆಬೆಂಜಾ ಚಾಕು ಹೆಸರುವಾಸಿಯಾಗಿದ್ದು ಅದರಿಂದಲೇ.

ಸ್ಟೀಲ್ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಲಿಲ್ಲ. ನಾವು ಪಂಚ್, ಡೈಗೆ ದಿನಾ ಬಳಸುವ ಡಿ2 ಅನ್ನುವ ಟೂಲ್ ಸ್ಟೀಲ್ ಚಾಕುವಿಗೂ ಒಳ್ಳೆಯದು. ಸುಮಾರು 1.5 ಪರ್ಸೆಂಟ್ ಕಾರ್ಬನ್, 12 ಪರ್ಸೆಂಟ್ ಕ್ರೋಮಿಯಂ ಇರುತ್ತದೆ. ಹರಿತ ತುಂಬಾ ದಿನ ನಿಲ್ಲುತ್ತದೆ, ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಮಾಡಿದಾಗ ಸೊಟ್ಟಗಾಗುವುದೂ ಕಮ್ಮಿ. ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಲೆ ಹಿಡಿಯುತ್ತದೆ. ಪಿವೋಟ್, ಅಂದರೆ ಅಲಗು ತಿರುಗುವ ಕೀಲು, ಅದರ ತೂತನ್ನು ಸ್ಟೀಲ್ ಮೆತ್ತಗಿರುವಾಗಲೇ ರೀಮರ್ (ತೂತನ್ನು ಸರಿಯಾದ ಅಳತೆಗೆ ನಯವಾಗಿ ತರುವ ಉಪಕರಣ) ಹಾಕಿ 5 ಮಿಲಿಮೀಟರ್‌ಗೆ ತಂದೆ, ಆಮೇಲೆ ವ್ಯಾಕ್ಯೂಮ್ ಹಾರ್ಡನಿಂಗ್‌ಗೆ ಕೊಟ್ಟು 60 ಎಚ್‌ಆರ್‌ಸಿ (ಗಡಸುತನದ ಅಳತೆ) ಆಸುಪಾಸಿಗೆ ಮಾಡಿಸಿದೆ. ವಾಪಸ್ ಬಂದ ಮೇಲೆ ಸರ್ಫೇಸ್ ಗ್ರೈಂಡಿಂಗ್‌ನಲ್ಲಿ 3 ಮಿಲಿಮೀಟರ್ ದಪ್ಪಕ್ಕೆ ತಂದೆ. ಅಲಗಿನ ಈ ಎರಡು ಮುಖ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಮುಂದೆ ಏನು ಮಾಡಿದರೂ ಅಲಗು ಹಿಡಿಯ ನಡುವೆ ಬರುವುದಿಲ್ಲ.

ಲೈನರ್‌ಗೆ ತೆಗೆದುಕೊಂಡಿದ್ದು 1.6 ಮಿಲಿಮೀಟರ್ ಗ್ರೇಡ್ 5 ಟೈಟೇನಿಯಂ ಶೀಟ್. ಸೀಳನ್ನು, ತೆಳ್ಳನೆ ತಂತಿಯ ವಿದ್ಯುತ್ ಕಿಡಿಯಲ್ಲಿ ಲೋಹ ಕತ್ತರಿಸುವ ವೈರ್‌ಕಟ್‌ನಲ್ಲಿ ಹಾಕಿಸಿದೆ. ಕೂದಲೆಳೆಯಂಥ ಗೆರೆ ಬರುತ್ತದೆ, ನೋಡಲೂ ಚಂದ. ಬಗ್ಗಿಸುವುದನ್ನು ಮಾತ್ರ ಕೈಯಲ್ಲೇ ಮಾಡಬೇಕು. ಟೈಟೇನಿಯಂ ವಾಪಸ್ ಚಿಮ್ಮುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಬಗ್ಗಿಸಿ ಬಿಡಬೇಕು. ಎಷ್ಟು ಅನ್ನುವುದಕ್ಕೆ ಅಳತೆ ಇಲ್ಲ, ಬೆರಳಿಗೇ ಗೊತ್ತಾಗಬೇಕು.

ಈಗ ಅಸಲಿ ವಿಷಯ. ಲಾಕ್ ಬಂದು ಒತ್ತುವ ಬುಡದ ಮುಖ ನೇರ ಇರುವುದಿಲ್ಲ, ಇಳಿಜಾರಾಗಿರುತ್ತದೆ. ಸೈನ್ ವೈಸ್ (ಬೇಕಾದ ಕೋನಕ್ಕೆ ಓರೆಯಾಗಿ ಹಿಡಿಯುವ ವೈಸ್) ಇಟ್ಟು 8 ಡಿಗ್ರಿ ಗ್ರೈಂಡ್ ಮಾಡಿದೆ. ಟೇಪರ್ ಶ್ಯಾಂಕ್ ಡ್ರಿಲ್ (ಬುಡ ಶಂಕುವಿನ ಹಾಗೆ ಕಿರಿದಾಗುವ ಡ್ರಿಲ್) ಸ್ಲೀವ್‌ನಲ್ಲಿ ಕಚ್ಚಿ ಕೂರುವುದನ್ನು ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಇಳಿಜಾರು ಜಾಸ್ತಿಯಾದರೆ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದಾಗ ಲಾಕ್ ಪಕ್ಕಕ್ಕೆ ಜಾರುತ್ತದೆ. ತೀರಾ ಕಮ್ಮಿಯಾದರೆ ಎಷ್ಟು ಗಟ್ಟಿ ಕಚ್ಚುತ್ತದೆ ಅಂದರೆ ಬಿಡಿಸುವಾಗ ಉಗುರು ಕಿತ್ತು ಬರಬೇಕು, ಜೊತೆಗೆ ಸ್ವಲ್ಪ ಸವೆದರೂ ಲಾಕ್ ತುಂಬಾ ದೂರ ಸರಿದುಬಿಡುತ್ತದೆ. 8 ಡಿಗ್ರಿಯಲ್ಲೇ ಲೆಕ್ಕ ಹಾಕಿ ನೋಡಿ: ಆ ಮುಖದಲ್ಲಿ 0.02 ಮಿಲಿಮೀಟರ್ ತೆಗೆದರೆ ಲಾಕ್ 0.14 ಮಿಲಿಮೀಟರ್ ಆಚೆ ಹೋಗುತ್ತದೆ. ಏಳು ಪಟ್ಟು! ಅದಕ್ಕೇ ಇಳಿಜಾರು ಗ್ರೈಂಡ್ ಆದಮೇಲೆ ಲಾಕ್ ಕೂರಿಸುವಾಗ ಗ್ರೈಂಡರ್ ಮುಟ್ಟದೆ ಲಾಕ್‌ನ ತುದಿಯ ಮೇಲೆ ಅರದಲ್ಲಿ, ಕೊನೆಗೆ ಎಣ್ಣೆಕಲ್ಲಿನಲ್ಲಿ ಕೆಲಸ ಮಾಡಬೇಕು.

ಲಾಕ್‌ನ ತುದಿಯನ್ನು ಬೇಕೆಂದೇ ಉದ್ದ ಬಿಟ್ಟುಕೊಂಡಿದ್ದೆ. ಬುಡಕ್ಕೆ ಪ್ರಶ್ಯನ್ ಬ್ಲೂ (ಎಲ್ಲಿ ತಾಗಿದೆ ಎಂದು ತೋರಿಸುವ ನೀಲಿ ಬಣ್ಣ) ತೆಳ್ಳಗೆ ಸವರುವುದು, ಜೋಡಿಸುವುದು, ತೆರೆಯುವುದು, ಬಿಚ್ಚುವುದು, ಲಾಕ್‌ನ ತುದಿಯಲ್ಲಿ ನೀಲಿ ಎಲ್ಲಿ ಅಂಟಿದೆ ನೋಡಿ ಅಲ್ಲಿ ಮಾತ್ರ ಅರ ಎಳೆಯುವುದು. ಮತ್ತೆ ಸವರುವುದು. ಡೈ ಕೂರಿಸುವವರಿಗೆ ಇದು ಹೊಸದೇನಲ್ಲ. ಆದರೆ ಇಲ್ಲಿ ನೀಲಿ ಎಲ್ಲಾ ಕಡೆ ಸಮನಾಗಿ ಬರುವುದು ಬೇಡ, ಮುಖದ ಕೆಳಭಾಗದಲ್ಲಿ, ಅಂದರೆ ಪಿವೋಟ್‌ನಿಂದ ಆದಷ್ಟು ದೂರ ಬರಬೇಕು. ಆಗ ಲಾಕ್ ಅಲಗನ್ನು ಸ್ಟಾಪ್ ಪಿನ್ ಕಡೆಗೆ ಒತ್ತುತ್ತದೆ, ಪಿವೋಟ್, ಸ್ಟಾಪ್ ಪಿನ್, ಲಾಕ್ ಮೂರೂ ಸೇರಿ ಅಲಗನ್ನು ಹಿಡಿಯುತ್ತವೆ. ಮೇಲುಗಡೆ ತಾಗಿದರೆ ಲಾಕ್ ಬಿಗಿಯಾಗಿ ಕಂಡರೂ ಅಲಗು ಮೇಲೆ ಕೆಳಗೆ ಕುಲುಕುತ್ತದೆ. ಹೊಸ ಚಾಕುವಿನಲ್ಲಿ 3 ಮಿಲಿಮೀಟರ್ ಬುಡದ ಮೇಲೆ ಲಾಕ್ 1 ಮಿಲಿಮೀಟರ್ ಹಿಡಿದರೆ ಸಾಕು. ಉಳಿದ ಜಾಗ ಮುಂದಿನ ಸವೆತಕ್ಕೆ.

ಸ್ಟಾಪ್ ಪಿನ್‌ಗೆ ನಮ್ಮ ಡೈ ಸೆಟ್‌ಗೆ ಹಾಕುವ 4 ಮಿಲಿಮೀಟರ್ ಡೋವೆಲ್ ಪಿನ್ನೇ (ಭಾಗಗಳನ್ನು ಸರಿ ಜಾಗದಲ್ಲಿ ನಿಲ್ಲಿಸುವ ಗಟ್ಟಿ ಸ್ಟೀಲ್ ಕಡ್ಡಿ) ಹಾಕಿದೆ. ವಾಷರ್ ಫಾಸ್ಫರ್ ಬ್ರಾಂಜ್, ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ಉಜ್ಜಿದ್ದು. ಹಿಡಿಗೆ ಹಳೆಯ ಮಂಚದ ಕಾಲಿನ ಬೀಟೆ ಮರ.

ಮುಚ್ಚಿದ ಅಲಗನ್ನು ಹಿಡಿದಿಡುವ ಆ ಗುಂಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಚಾಕು ತೆರೆಯುವಾಗ ಕೈಗೆ ಸಿಗುವ ಸುಖ ಪೂರ್ತಿ ಅದರದ್ದು. 1.5 ಮಿಲಿಮೀಟರ್ ಸ್ಟೀಲ್ ಬಾಲ್ ಅದು, ಲಾಕ್ ಪಟ್ಟಿಗೆ ಒತ್ತಿ ಕೂರಿಸಿರುತ್ತೇವೆ, ಅರ್ಧಕ್ಕಿಂತ ಕಮ್ಮಿ ಹೊರಗೆ ಕಾಣುತ್ತದೆ. ಅಲಗು ಮುಚ್ಚಿದಾಗ ಬುಡದಲ್ಲಿರುವ ಒಂದು ಪುಟ್ಟ ತೂತಿಗೆ ಇದು ಬೀಳುತ್ತದೆ. ಆ ತೂತು ಗುಂಡಿಗೆ ಸರಿ ಎದುರಿಗೆ ಇದ್ದರೆ ಚಾಕು ಮುಚ್ಚಿರುತ್ತದೆ, ಆದರೆ ಸ್ವಲ್ಪ ಲೂಸ್. ತೂತನ್ನು ಒಂಚೂರು ಸರಿಸಿ ಹಾಕಿದರೆ ಗುಂಡು ತೂತಿನ ಅಂಚಿನ ಮೇಲೆ ಕೂತು, ಪೂರ್ತಿ ಒಳಗೆ ಇಳಿಯಲು ಸದಾ ಪ್ರಯತ್ನಿಸುತ್ತಾ ಅಲಗನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಮುಚ್ಚುವಾಗ ಕೊನೆಯ ಎರಡು ಮೂರು ಮಿಲಿಮೀಟರ್ ಅಲಗು ತಾನಾಗಿಯೇ ಒಳಗೆ ಹೋಗುತ್ತದಲ್ಲ, ಅದು ಇದರಿಂದ. ಗುಂಡು ಬುಡದ ಮೇಲೆ ಓಡಾಡುವ ದಾರಿಯಲ್ಲಿ ಕಾಲಕ್ರಮೇಣ ಒಂದು ತೆಳುವಾದ ಕಮಾನಿನ ಗೆರೆ ಬೀಳುತ್ತದೆ. ಕೆಲವರು ಅದನ್ನು ಪಾಲಿಷ್ ಮಾಡಿ ತೆಗೆಯುತ್ತಾರೆ. ನನಗಂತೂ ಅದು ಇರಲಿ ಅನ್ನಿಸುತ್ತದೆ.

ಟೈಟೇನಿಯಂ ಸ್ಟೀಲ್‌ಗೆ ಉಜ್ಜಿದರೆ ಅಂಟಿಕೊಳ್ಳುವ ಸ್ವಭಾವ ಇದೆ. ಹೊಸ ಲಾಕ್ ಬಿಡಿಸುವಾಗ ಟಕ್ ಅಂತ ಸಿಕ್ಕಿಕೊಳ್ಳುವುದು ಅದಕ್ಕೇ. ಪೆನ್ಸಿಲ್ ಸೀಸ ಉಜ್ಜಿದರೆ ಸದ್ಯಕ್ಕೆ ಸರಿಹೋಗುತ್ತದೆ. ಸರಿಯಾದ ದಾರಿ ಅಂದರೆ ಬುಡದ ಮುಖವನ್ನು ಕನ್ನಡಿ ಥರ ಪಾಲಿಷ್ ಮಾಡುವುದು, ಲಾಕ್‌ನ ತುದಿಗೆ ತುಂಬಾ ಗಟ್ಟಿಯಾದ ಕಾರ್ಬೈಡ್ ಪದರ ಹತ್ತಿಸುವುದು. ನಾನು ಪಾಲಿಷ್ ಮಾಡಿ, ಸುಮಾರು ದಿನ ತೆರೆದು ಮುಚ್ಚಿ ಮಾಡಿ ಕೂರಿಸಿದೆ.

ಇದೆಲ್ಲ ಮಾಡಿದ ಮೇಲೆ ಬೇರೆಯವರ ಚಾಕು ನೋಡುವ ರೀತಿಯೇ ಬದಲಾಯಿತು. ಯಾರಾದರೂ ಕೈಯಲ್ಲಿ ಮಾಡಿದ ಚಾಕು ಕೊಟ್ಟರೆ ಮೊದಲು ತೆರೆದು, ಬೆಳಕಿಗೆ ಹಿಡಿದು, ಲಾಕ್ ಎಲ್ಲಿ ತಾಗಿದೆ ನೋಡುತ್ತೇನೆ. ನಿಧಾನಕ್ಕೆ ತೆರೆದಾಗಲೂ, ಜೋರಾಗಿ ತೆರೆದಾಗಲೂ ಲಾಕ್ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ತುದಿ ಹಿಡಿದು ಮೇಲೆ ಕೆಳಗೆ, ಆಕಡೆ ಈಕಡೆ ಅಲುಗಿಸಿ ನೋಡುತ್ತೇನೆ. ಬೆರಳುಗಳನ್ನು ಅಲಗು ಬರುವ ದಾರಿಯಿಂದ ದೂರ ಇಟ್ಟುಕೊಂಡು ಬೆನ್ನಿನ ಮೇಲೆ ಅಂಗೈಯಿಂದ ಒತ್ತುತ್ತೇನೆ. ಬೆನ್ನನ್ನು ಟೇಬಲ್‌ಗೆ ಕುಟ್ಟಿ ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಒಳ್ಳೆಯ ಲಾಕ್‌ನ ಮುಖ ಸುಮ್ನೆ ಹಾಳಾಗುತ್ತದೆ. ಮುಚ್ಚಿದಾಗ ಎರಡೂ ಲೈನರ್‌ಗಳ ನಡುವೆ ಅಲಗು ಸರಿಯಾಗಿ ಮಧ್ಯ ಇದೆಯಾ, ಪಿವೋಟ್ ಸ್ಕ್ರೂ ಬಿಗಿ ಇದ್ದರೂ ಸಲೀಸಾಗಿ ತಿರುಗುತ್ತದಾ, ಇವೆರಡೂ ಸರಿ ಇದ್ದರೆ ಮಾಡಿದವರ ಮೇಲೆ ಗೌರವ ಬರುತ್ತದೆ. ಅಷ್ಟು ದುಡ್ಡು ಯಾಕೆ ಅಂತ ಕೇಳುವವರಿಗೆ ನಾನು ತೋರಿಸುವುದು ಲಾಕ್‌ನ ಆ ಒಂದು ಮಿಲಿಮೀಟರ್ ಜಾಗವನ್ನೇ.

ನನ್ನದು ದಿನಾ ಜೇಬಲ್ಲಿ ಇರುತ್ತದೆ. ರಟ್ಟಿನ ಡಬ್ಬ, ಹಗ್ಗ, ಹಣ್ಣು ಎಲ್ಲಕ್ಕೂ ಅದೇ. ಆಗಾಗ ಬಿಚ್ಚಿ ಧೂಳು ಒರೆಸಿ ವಾಷರ್‌ಗೆ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡುತ್ತೇನೆ. ಲಾಕ್‌ನ ಮುಖಕ್ಕೆ ಮಾತ್ರ ಎಣ್ಣೆ ತಾಗಿಸುವುದಿಲ್ಲ, ಸ್ಪಿರಿಟ್‌ನಲ್ಲಿ ಒರೆಸಿ ಒಣದಾಗಿಯೇ ಇಡುತ್ತೇನೆ.